ಲಿನಕ್ಸ್ ಆರಂಭ ಮತ್ತು ಲಾಗಿನ್ ಸ್ಕ್ರಿಪ್ಟ್‌ಗಳು

ಲಿನಕ್ಸ್ ಗಣಕ ಚಾಲೂ ಆಗುವಾಗ, ಇಲ್ಲವೇ ಬಳಕೆದಾರರೊಬ್ಬರು ಅದಕ್ಕೆ ಲಾಗಿನ್ ಆಗುವಾಗ, ಯಾರೂ ಕೈಯಿಂದ ಆದೇಶ ಕೊಡದೆ ತಾವಾಗಿ ನಡೆಯುವ ಆದೇಶಮಾಲೆಗಳನ್ನು ಆರಂಭ ಮತ್ತು ಲಾಗಿನ್ ಸ್ಕ್ರಿಪ್ಟ್‌ಗಳು ಎನ್ನುತ್ತಾರೆ. ಸೇವೆಗಳನ್ನು ಚಾಲನೆಗೆ ತರುವುದು, ಬಳಕೆದಾರರ ಕೆಲಸದ ಪರಿಸರವನ್ನು ಅಣಿಗೊಳಿಸುವುದು, ಗಣಕದ ಹೆಸರು, ಮೆಮೊರಿ, ಡಿಸ್ಕ್, ಐಪಿ ವಿಳಾಸ ಮುಂತಾದ ಸ್ಥಿತಿಗತಿಯನ್ನು ಪರದೆಯ ಮೇಲೆ ತೋರಿಸುವುದು ಇವುಗಳ ಮುಖ್ಯ ಕೆಲಸ.

ಆರಂಭ ಎಂದರೆ ವಿದ್ಯುತ್ ಹರಿದ ಕ್ಷಣದಿಂದ ಲಾಗಿನ್ ಕೇಳುವ ಪರದೆ ಬರುವವರೆಗಿನ ಅವಧಿ. ಗಣಕ ಒಮ್ಮೆ ಚಾಲೂ ಆದರೆ ಅದು ಒಂದೇ ಸಲ ನಡೆಯುತ್ತದೆ. ಸಾಮಾನ್ಯವಾಗಿ ಸರ್ವಾಧಿಕಾರವುಳ್ಳ ರೂಟ್ ಖಾತೆಯ ಹೆಸರಿನಲ್ಲಿ, ನೋಡುವವರು ಯಾರೂ ಇಲ್ಲದೆ ನಡೆಯುತ್ತದೆ. ಲಾಗಿನ್ ಹಾಗಲ್ಲ. ಅದು ಒಬ್ಬ ವ್ಯಕ್ತಿಗೆ ಸಂಬಂಧಿಸಿದ್ದು, ದಿನಕ್ಕೆ ಎಷ್ಟು ಸಲವಾದರೂ ಆಗಬಹುದು, ಆ ವ್ಯಕ್ತಿಯ ಅಧಿಕಾರದ ಮಿತಿಯಲ್ಲೇ ನಡೆಯುತ್ತದೆ. ಒಂದು ಸ್ಕ್ರಿಪ್ಟ್ ಅನ್ನು ಎಲ್ಲಿಡಬೇಕು ಎಂಬ ಪ್ರಶ್ನೆ ಬಂದಾಗಲೆಲ್ಲ ಈ ಭೇದವೇ ಉತ್ತರ ಕೊಡುತ್ತದೆ. ಗಣಕಕ್ಕೆ ಬೇಕಾದ ಕೆಲಸ ಆರಂಭದಲ್ಲಿರಬೇಕು, ಮನುಷ್ಯರು ಓದಬೇಕಾದ ಮಾಹಿತಿ ಲಾಗಿನ್‌ನಲ್ಲಿರಬೇಕು.

ಈ ಲೇಖನದಲ್ಲಿ ಆದೇಶ ಮತ್ತು ಕಡತಗಳ ಹೆಸರನ್ನು ಉಚ್ಚಾರಣೆಗೆ ಅನುಸಾರವಾಗಿ ಕೊಟ್ಟಿದೆ. ಗಣಕದಲ್ಲಿ ಅವನ್ನು ರೋಮನ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಉಗಮ

ಮೊದಲೇ ಬರೆದಿಟ್ಟ ಆದೇಶಗಳನ್ನು ಸಾಲಾಗಿ ನಡೆಸುವ ಪದ್ಧತಿ ಲಿನಕ್ಸ್‌ಗಿಂತ ಹಳೆಯದು. 1960ರ ದಶಕದಲ್ಲಿ ಅಮೆರಿಕದ ಎಂಐಟಿಯಲ್ಲಿದ್ದ ಸಿಟಿಎಸ್‌ಎಸ್ ವ್ಯವಸ್ಥೆಯಲ್ಲಿ ರನ್‌ಕಾಮ್ ಎಂಬ ಸೌಲಭ್ಯವಿತ್ತು. ಇಂದಿಗೂ ಅನೇಕ ಸಂರಚನಾ ಕಡತಗಳ ಹೆಸರಿನ ಕೊನೆಯಲ್ಲಿ ಬರುವ ಆರ್‌ಸಿ ಅದರ ಸಂಕ್ಷೇಪ. 1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಯೂನಿಕ್ಸ್‌ನ ಆರಂಭಿಕ ಆವೃತ್ತಿಗಳಲ್ಲಿ ಆರಂಭದ ಕೆಲಸವೆಲ್ಲ ಇಟಿಸಿ ಡೈರೆಕ್ಟರಿಯ ಆರ್‌ಸಿ ಎಂಬ ಒಂದೇ ಸ್ಕ್ರಿಪ್ಟ್‌ನಲ್ಲಿತ್ತು. ಬರ್ಕ್‌ಲಿ ವಿಶ್ವವಿದ್ಯಾಲಯದ ಬಿಎಸ್‌ಡಿ ಶಾಖೆ ಅದನ್ನೇ ಬೆಳೆಸಿತು. ಸ್ಥಳೀಯ ಸೇರ್ಪಡೆಗಳಿಗೆಂದು ಆರ್‌ಸಿ ಲೋಕಲ್ ಎಂಬ ಪ್ರತ್ಯೇಕ ಕಡತ ಅಲ್ಲಿಂದ ಬಂತು.

1983ರಲ್ಲಿ ಬಿಡುಗಡೆಯಾದ ಸಿಸ್ಟಮ್ ವಿ ಎಂಬ ಯೂನಿಕ್ಸ್ ಆವೃತ್ತಿ ಬೇರೆ ದಾರಿ ಹಿಡಿಯಿತು. ಗಣಕದ ಸ್ಥಿತಿಯನ್ನು ರನ್‌ಲೆವೆಲ್ ಎಂಬ ಸಂಖ್ಯೆಗಳಾಗಿ ವಿಂಗಡಿಸಿ, ಪ್ರತಿ ಸಂಖ್ಯೆಗೂ ಸ್ಕ್ರಿಪ್ಟ್‌ಗಳ ಒಂದೊಂದು ಡೈರೆಕ್ಟರಿ ಕೊಟ್ಟಿತು. 0 ಎಂದರೆ ನಿಲುಗಡೆ, 1 ಎಂದರೆ ದುರಸ್ತಿಗಾಗಿ ಒಬ್ಬರೇ ಬಳಸುವ ಸ್ಥಿತಿ, 6 ಎಂದರೆ ಮರುಚಾಲನೆ. ರೆಡ್ ಹ್ಯಾಟ್ ಮಾದರಿಯಲ್ಲಿ 3 ಪಠ್ಯ ಪರದೆಗೂ 5 ಚಿತ್ರಾತ್ಮಕ ಪರದೆಗೂ ಸಂದರೆ, ಡೆಬಿಯನ್‌ನಲ್ಲಿ 2ರಿಂದ 5ರವರೆಗೆ ವ್ಯತ್ಯಾಸವೇ ಇರಲಿಲ್ಲ. ಕಡತದ ಹೆಸರು ಎಸ್‌ನಿಂದ ಶುರುವಾದರೆ ಸೇವೆ ಆರಂಭವಾಗಬೇಕು, ಕೆ ಇದ್ದರೆ ನಿಲ್ಲಬೇಕು. ಅದರ ಮುಂದಿನ ಎರಡಂಕಿ ಸರದಿಯನ್ನು ಹೇಳುತ್ತಿತ್ತು.

ಲೈನಸ್ ಟೊರ್ವಾಲ್ಡ್ಸ್ 1991ರ ಆಗಸ್ಟ್ 25ರಂದು ಲಿನಕ್ಸ್ ಕರ್ನಲ್‌ನ ಸುದ್ದಿಯನ್ನು ಲೋಕಕ್ಕೆ ತಿಳಿಸಿದರು. ಅದಾದ ಸ್ವಲ್ಪ ಕಾಲದಲ್ಲೇ ಮಿಕೆಲ್ ಫಾನ್ ಸ್ಮೂರೆನ್‌ಬರ್ಗ್ ಸಿಸ್ಟಮ್ ವಿ ಮಾದರಿಯಲ್ಲಿ ಆರಂಭವನ್ನು ನಡೆಸುವ ಇನಿಟ್ ಎಂಬ ತಂತ್ರಾಂಶವನ್ನು ಲಿನಕ್ಸ್‌ಗಾಗಿ ಬರೆದರು. ಸುಮಾರು ಎರಡು ದಶಕ ಬಹುತೇಕ ಎಲ್ಲ ಲಿನಕ್ಸ್ ವಿತರಣೆಗಳೂ ಇದನ್ನೇ ನೆಚ್ಚಿದ್ದವು. ಒಂದರ ಹಿಂದೆ ಒಂದರಂತೆ ಸ್ಕ್ರಿಪ್ಟ್‌ಗಳು ನಡೆಯುತ್ತಿದ್ದುದರಿಂದ ಆರಂಭ ನಿಧಾನವಾಗುತ್ತಿತ್ತು. ನಿಂತುಹೋದ ಸೇವೆಯನ್ನು ಮತ್ತೆ ಎಬ್ಬಿಸುವ ವ್ಯವಸ್ಥೆಯೂ ಸ್ಕ್ರಿಪ್ಟ್‌ಗಳಲ್ಲಿ ಇರಲಿಲ್ಲ. ಈ ಕೊರತೆ ತುಂಬಲು 2006ರಲ್ಲಿ ಉಬುಂಟು 6.10ರೊಡನೆ ಅಪ್‌ಸ್ಟಾರ್ಟ್ ಎಂಬ ಹೊಸ ಇನಿಟ್ ಬಂತು. 2010ರ ಏಪ್ರಿಲ್ 30ರಂದು ಲೆನಾರ್ಟ್ ಪೊಯೆಟರಿಂಗ್ ಇನ್ನೊಂದು ಇನಿಟ್ ಆದ ಸಿಸ್ಟಮ್‌ಡಿಯನ್ನು ಪ್ರಕಟಿಸಿದರು. ಫೆಡೋರಾ 15 ಅದನ್ನು 2011ರಲ್ಲಿ, ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 7 2014ರಲ್ಲಿ, ಡೆಬಿಯನ್ 8 ಮತ್ತು ಉಬುಂಟು 15.04 2015ರ ಏಪ್ರಿಲ್‌ನಲ್ಲಿ ಅಳವಡಿಸಿಕೊಂಡವು.

ಆರಂಭದ ಕ್ರಮ

ವಿದ್ಯುತ್ ಬಂದೊಡನೆ ಮದರ್‌ಬೋರ್ಡಿನ ಬಯಾಸ್ ಅಥವಾ ಯುಇಎಫ್‌ಐ ಯಂತ್ರಾಂಶವನ್ನು ಪರೀಕ್ಷಿಸಿ ಬೂಟ್ ಲೋಡರ್‌ಗೆ ನಿಯಂತ್ರಣ ಬಿಟ್ಟುಕೊಡುತ್ತದೆ. ಹೆಚ್ಚಿನ ಗಣಕಗಳಲ್ಲಿ ಇದು ಗ್ರಬ್. ಗ್ರಬ್ ಕರ್ನಲ್ ಅನ್ನೂ ಇನಿಟ್‌ರಾಮ್‌ಎಫ್‌ಎಸ್ ಎಂಬ ತಾತ್ಕಾಲಿಕ ಕಡತವ್ಯವಸ್ಥೆಯನ್ನೂ ಮೆಮೊರಿಗೆ ತುಂಬುತ್ತದೆ. ಮೂಲ ಡಿಸ್ಕ್ ಸಿಕ್ಕ ಮೇಲೆ ಕರ್ನಲ್ ತನ್ನ ಮೊದಲ ಪ್ರಕ್ರಿಯೆಯಾದ ಇನಿಟ್ ಅನ್ನು ಶುರುಮಾಡುತ್ತದೆ. ಪ್ರಕ್ರಿಯೆ ಸಂಖ್ಯೆ 1 ಯಾವಾಗಲೂ ಇದರದೇ. ಮುಂದಿನ ಎಲ್ಲ ಆರಂಭ ಸ್ಕ್ರಿಪ್ಟ್‌ಗಳ ಹೊಣೆ ಇದಕ್ಕೆ ಸೇರುತ್ತದೆ.

ಸಿಸ್ಟಮ್‌ಡಿಯಲ್ಲಿ ಕೆಲಸದ ಘಟಕಕ್ಕೆ ಯೂನಿಟ್ ಎಂದು ಹೆಸರು. ಸರ್ವೀಸ್, ಟೈಮರ್, ಮೌಂಟ್, ಟಾರ್ಗೆಟ್ ಮೊದಲಾದ ಬಗೆಗಳಿವೆ. ಟಾರ್ಗೆಟ್ ಹಳೆಯ ರನ್‌ಲೆವೆಲ್‌ನ ಜಾಗದಲ್ಲಿ ನಿಂತಿದೆ: ಮಲ್ಟಿ ಯೂಸರ್ ಟಾರ್ಗೆಟ್ ಪಠ್ಯ ಪರದೆಯ ಪೂರ್ಣ ಸ್ಥಿತಿಯನ್ನೂ ಗ್ರಾಫಿಕಲ್ ಟಾರ್ಗೆಟ್ ಡೆಸ್ಕ್‌ಟಾಪ್ ಸ್ಥಿತಿಯನ್ನೂ ಸೂಚಿಸುತ್ತದೆ.

ಆರಂಭದಲ್ಲಿ ಸ್ಕ್ರಿಪ್ಟ್ ನಡೆಸುವ ವಿಧಾನಗಳು

ಇಂದು ಸರಿಯಾದ ವಿಧಾನವೆಂದರೆ ಸರ್ವೀಸ್ ಯೂನಿಟ್. ಇಟಿಸಿ ಡೈರೆಕ್ಟರಿಯೊಳಗಿನ ಸಿಸ್ಟಮ್‌ಡಿ, ಅದರೊಳಗಿನ ಸಿಸ್ಟಮ್ ಎಂಬ ಡೈರೆಕ್ಟರಿಯಲ್ಲಿ ಒಂದು ಚಿಕ್ಕ ಪಠ್ಯ ಕಡತ ಬರೆಯಬೇಕು. ಅದಕ್ಕೆ ಮೂರು ವಿಭಾಗ. ಮೊದಲನೆಯದರಲ್ಲಿ ವಿವರಣೆಯೂ ಯಾವುದರ ನಂತರ ನಡೆಯಬೇಕೆಂಬುದೂ ಇರುತ್ತದೆ. ಎರಡನೆಯದರಲ್ಲಿ ಸ್ಕ್ರಿಪ್ಟ್‌ನ ಪೂರ್ಣ ಹಾದಿ. ಮೂರನೆಯದರಲ್ಲಿ ಯಾವ ಟಾರ್ಗೆಟ್‌ಗೆ ಅದು ಸೇರಬೇಕೆಂಬ ಸೂಚನೆ. ಒಂದು ಸಲ ನಡೆದು ಮುಗಿಯುವ ಸ್ಕ್ರಿಪ್ಟ್ ಆದರೆ ಅದರ ಬಗೆಯನ್ನು ಒನ್‌ಶಾಟ್ ಎಂದು ಕೊಡಬೇಕು. ನಿರಂತರ ನಡೆಯಬೇಕಾದದ್ದಾದರೆ, ಕೆಟ್ಟು ನಿಂತಾಗ ಮತ್ತೆ ಎಬ್ಬಿಸುವಂತೆ ರೀಸ್ಟಾರ್ಟ್ ಸೂಚನೆ ಸೇರಿಸಬಹುದು. ಬಳಿಕ ಸಿಸ್ಟಮ್‌ಸಿಟಿಎಲ್ ಆದೇಶದಿಂದ ಅದನ್ನು ಎನೇಬಲ್ ಮಾಡಿದರೆ ಮುಂದಿನ ಪ್ರತಿ ಆರಂಭದಲ್ಲೂ ಅದು ನಡೆಯುತ್ತದೆ. ಏನಾಯಿತೆಂದು ತಿಳಿಯಲು ಜರ್ನಲ್‌ಸಿಟಿಎಲ್, ಯಾವ ಸೇವೆ ಎಷ್ಟು ಸಮಯ ತಿಂದಿತೆಂದು ತಿಳಿಯಲು ಸಿಸ್ಟಮ್‌ಡಿ ಅನಲೈಜ್ ಇವೆ.

ಇಲ್ಲಿ ಪದೇಪದೇ ಆಗುವ ತಪ್ಪು ಜಾಲಸಂಪರ್ಕಕ್ಕೆ ಸಂಬಂಧಿಸಿದ್ದು. ನೆಟ್‌ವರ್ಕ್ ಟಾರ್ಗೆಟ್‌ನ ನಂತರ ಎಂದು ಬರೆದರೆ ಜಾಲ ನಿರ್ವಹಣೆಯ ತಂತ್ರಾಂಶ ಎದ್ದಿದೆ ಎಂದಷ್ಟೇ ಅರ್ಥ; ಐಪಿ ವಿಳಾಸ ಸಿಕ್ಕಿದೆ ಎಂದಲ್ಲ. ವಿಳಾಸ ಬೇಕೇಬೇಕಾದ ಸ್ಕ್ರಿಪ್ಟ್ ನೆಟ್‌ವರ್ಕ್ ಆನ್‌ಲೈನ್ ಟಾರ್ಗೆಟ್ ಅನ್ನು ಕಾಯಬೇಕು ಮತ್ತು ಅದನ್ನು ಬಯಸುವುದಾಗಿಯೂ ಯೂನಿಟ್‌ನಲ್ಲಿ ಹೇಳಬೇಕು. ಇನ್ನೊಂದು ತೊಡಕು ಪರಿಸರದ್ದು. ಆರಂಭದಲ್ಲಿ ನಡೆಯುವ ಸ್ಕ್ರಿಪ್ಟ್‌ಗೆ ಬಳಕೆದಾರರ ಪಾತ್ ಆಗಲಿ ಹೋಮ್ ಡೈರೆಕ್ಟರಿಯ ಸಂರಚನೆಯಾಗಲಿ ಸಿಗುವುದಿಲ್ಲ. ಕೈಯಿಂದ ನಡೆಸಿದಾಗ ಸರಿಯಾಗಿ ಓಡಿದ ಸ್ಕ್ರಿಪ್ಟ್ ಆರಂಭದಲ್ಲಿ ಸೋಲುವುದಕ್ಕೆ ಹೆಚ್ಚಿನ ಸಲ ಇದೇ ಕಾರಣ. ಆದೇಶಗಳಿಗೆ ಪೂರ್ಣ ಹಾದಿ ಕೊಡುವುದು ಇದಕ್ಕೆ ಪರಿಹಾರ.

ಆರ್‌ಸಿ ಲೋಕಲ್ ಇನ್ನೂ ಉಸಿರಾಡುತ್ತಿದೆ. ಆ ಕಡತ ಇದ್ದು, ಅದಕ್ಕೆ ನಡೆಸುವ ಅನುಮತಿಯೂ ಇದ್ದರೆ ಸಿಸ್ಟಮ್‌ಡಿ ಅದನ್ನು ಆರಂಭದಲ್ಲಿ ಓಡಿಸುತ್ತದೆ. ಆದರೆ ಅದರೊಳಗಿನ ಒಂದು ಸಾಲು ಸಿಕ್ಕಿಕೊಂಡರೆ ಮುಂದಿನವು ನಡೆಯುವುದಿಲ್ಲ, ಯಾವುದು ಸೋತಿತೆಂದು ಬಿಡಿಸಿ ನೋಡುವುದೂ ಕಷ್ಟ. ಹೊಸ ಕೆಲಸವನ್ನು ಅದಕ್ಕೆ ಸೇರಿಸುವುದು ಸಲ್ಲದು.

ರೂಟ್ ಅಧಿಕಾರವಿಲ್ಲದ ಬಳಕೆದಾರರಿಗೆ, ನಿಗದಿತ ಹೊತ್ತಿಗೆ ಕೆಲಸ ನಡೆಸುವ ಕ್ರಾನ್‌ನಲ್ಲಿ ರೀಬೂಟ್ ಎಂಬ ವಿಶೇಷ ಸೂಚನೆಯಿದೆ. ಪಾಲ್ ವಿಕ್ಸಿ ಬರೆದ ಕ್ರಾನ್‌ನಿಂದ ಬಂದ ಈ ಸೌಲಭ್ಯ ಬಳಸಲು ಸುಲಭ; ಸರದಿ ಮತ್ತು ಅವಲಂಬನೆಯ ಮೇಲೆ ಮಾತ್ರ ಹಿಡಿತವಿಲ್ಲ. ಬಳಕೆದಾರರ ಮಟ್ಟದ ಸಿಸ್ಟಮ್‌ಡಿ ಯೂನಿಟ್‌ಗಳೂ ಇವೆ. ಅವು ಸಾಮಾನ್ಯವಾಗಿ ಲಾಗಿನ್ ಆದಾಗ ಶುರುವಾಗಿ ಲಾಗೌಟ್ ಆದಾಗ ನಿಲ್ಲುತ್ತವೆ. ಲಾಗಿನ್ ಇಲ್ಲದೆಯೂ ನಡೆಯಬೇಕಾದರೆ ಆ ಖಾತೆಗೆ ಲಿಂಗರ್ ಎಂಬ ಅನುಮತಿ ಕೊಡಬೇಕು.

ಲಾಗಿನ್ ಕ್ರಮ ಮತ್ತು ಶೆಲ್ ಕಡತಗಳು

ಪಠ್ಯ ಪರದೆಯಲ್ಲಿ ಗೆಟ್ಟಿ ಎಂಬ ತಂತ್ರಾಂಶ ಕಾದಿರುತ್ತದೆ. ಅದು ಇಟಿಸಿಯ ಇಶ್ಯೂ ಕಡತವನ್ನು ತೋರಿಸಿ ಹೆಸರು ಕೇಳುತ್ತದೆ. ಗುಪ್ತಪದದ ತಪಾಸಣೆ ಪ್ಯಾಮ್‌ನ ಕೆಲಸ. ಅದು ಒಪ್ಪಿದ ಮೇಲೆ ದಿನದ ಸಂದೇಶ ಬರುತ್ತದೆ, ಕೊನೆಗೆ ಬಳಕೆದಾರರ ಆದೇಶಗಳನ್ನು ಓದಿ ನಡೆಸುವ ಶೆಲ್ ತೆರೆಯುತ್ತದೆ. ದೂರದಿಂದ ಎಸ್‌ಎಸ್‌ಎಚ್ ಮೂಲಕ ಬಂದಾಗ ಗೆಟ್ಟಿಯ ಜಾಗದಲ್ಲಿ ಎಸ್‌ಎಸ್‌ಎಚ್ ಸರ್ವರ್ ಇರುತ್ತದೆ. ಬ್ಯಾನರ್ ಎಂಬ ಆಯ್ಕೆ ಕೊಟ್ಟಿದ್ದರೆ ಮಾತ್ರ ಗುಪ್ತಪದಕ್ಕೆ ಮೊದಲು ಏನಾದರೂ ಕಾಣುತ್ತದೆ.

ಹೆಚ್ಚು ಬಳಕೆಯಲ್ಲಿರುವ ಶೆಲ್ ಬ್ರಯಾನ್ ಫಾಕ್ಸ್ 1989ರಲ್ಲಿ ಹೊರತಂದ ಬ್ಯಾಶ್. ಲಾಗಿನ್ ಶೆಲ್ ಆಗಿ ತೆರೆದಾಗ ಅದು ಮೊದಲು ಇಟಿಸಿಯ ಪ್ರೊಫೈಲ್ ಕಡತವನ್ನು ಓದುತ್ತದೆ. ಆಮೇಲೆ ಹೋಮ್ ಡೈರೆಕ್ಟರಿಯಲ್ಲಿ ಬ್ಯಾಶ್ ಪ್ರೊಫೈಲ್, ಬ್ಯಾಶ್ ಲಾಗಿನ್, ಪ್ರೊಫೈಲ್ ಎಂಬ ಮೂರು ಗುಪ್ತ ಕಡತಗಳನ್ನು ಇದೇ ಸರದಿಯಲ್ಲಿ ಹುಡುಕಿ ಮೊದಲು ಸಿಕ್ಕಿದ್ದನ್ನು ಮಾತ್ರ ಓದುತ್ತದೆ. ಬ್ಯಾಶ್ ಪ್ರೊಫೈಲ್ ಅನ್ನು ಹೊಸದಾಗಿ ಸೃಷ್ಟಿಸಿದವರಿಗೆ ಹಳೆಯ ಪ್ರೊಫೈಲ್ ಕಡತದ ಸೂಚನೆಗಳು ಇದ್ದಕ್ಕಿದ್ದಂತೆ ನಿಂತುಹೋಗುವುದು ಈ ನಿಯಮದಿಂದಲೇ. ಈಗಾಗಲೇ ಲಾಗಿನ್ ಆದವರು ಡೆಸ್ಕ್‌ಟಾಪ್‌ನಲ್ಲಿ ಟರ್ಮಿನಲ್ ತೆರೆದರೆ ಅದು ಸಾಮಾನ್ಯವಾಗಿ ಲಾಗಿನ್ ಶೆಲ್ ಅಲ್ಲ. ಆಗ ಓದುವುದು ಬ್ಯಾಶ್‌ಆರ್‌ಸಿ ಕಡತವನ್ನು.

ಎಲ್ಲ ಬಳಕೆದಾರರಿಗೂ ಅನ್ವಯಿಸಬೇಕಾದ ಸ್ಕ್ರಿಪ್ಟ್‌ಗೆ ತಕ್ಕ ಜಾಗ ಇಟಿಸಿಯ ಪ್ರೊಫೈಲ್ ಡಿ ಡೈರೆಕ್ಟರಿ. ಡೆಸ್ಕ್‌ಟಾಪ್ ಲಾಗಿನ್‌ಗೆ ಬೇರೆಯೇ ಏರ್ಪಾಡಿದೆ: ಹೋಮ್ ಡೈರೆಕ್ಟರಿಯ ಕಾನ್ಫಿಗ್ ಒಳಗಿನ ಆಟೊಸ್ಟಾರ್ಟ್‌ನಲ್ಲಿ ಡೆಸ್ಕ್‌ಟಾಪ್ ಕಡತವೊಂದನ್ನು ಇಟ್ಟರೆ ಗ್ನೋಮ್, ಕೆಡಿಇ ಮುಂತಾದವು ಅದನ್ನು ತಾವಾಗಿ ನಡೆಸುತ್ತವೆ.

ಬ್ಯಾಶ್‌ಆರ್‌ಸಿಯಲ್ಲಿ ಮಾಹಿತಿ ಮುದ್ರಿಸುವ ಸಾಲುಗಳನ್ನು ಬರೆಯುವುದು ಅಪಾಯಕಾರಿ. ದೂರದ ಗಣಕಕ್ಕೆ ಕಡತ ಕಳಿಸುವ ಎಸ್‌ಸಿಪಿ, ಆರ್‌ಸಿಂಕ್ ಮುಂತಾದವುಗಳೂ ಅದೇ ಶೆಲ್ ಮೂಲಕ ಹಾಯುತ್ತವೆ. ನಡುವೆ ಸ್ವಾಗತದ ಸಾಲು ಬಂದರೆ ಅವು ಅದನ್ನು ದತ್ತಾಂಶವೆಂದೇ ಓದಿ ಮುರಿದು ಬೀಳುತ್ತವೆ. ಸಂವಾದಾತ್ಮಕ ಶೆಲ್ ಹೌದೋ ಅಲ್ಲವೋ ಎಂದು ಪರೀಕ್ಷಿಸಿದ ಮೇಲೆಯೇ ಮುದ್ರಿಸಬೇಕು.

ಸ್ಥಿತಿಗತಿಯ ಪ್ರದರ್ಶನ

ಲಾಗಿನ್‌ಗೆ ಮೊದಲು ಕಾಣುವ ಇಶ್ಯೂ ಕಡತದಲ್ಲಿ ಹಿಂಗೆರೆಯೊಡನೆ (ಬ್ಯಾಕ್‌ಸ್ಲ್ಯಾಶ್) ಒಂದೊಂದು ಅಕ್ಷರ ಬರೆದರೆ ಗೆಟ್ಟಿ ಅದರ ಜಾಗದಲ್ಲಿ ಗಣಕದ ಹೆಸರು, ಕರ್ನಲ್ ಆವೃತ್ತಿ, ಟರ್ಮಿನಲ್ ಸಂಖ್ಯೆ ಮುಂತಾದವನ್ನು ತುಂಬುತ್ತದೆ. ಹಿಂಗೆರೆಯೊಡನೆ 4 ಎಂಬ ಅಂಕಿ ಬರೆದರೆ ಐಪಿ ವಿಳಾಸ ಬರುತ್ತದೆ. ಕೀಬೋರ್ಡ್ ಜೋಡಿಸದೆ ಬರೀ ಪರದೆ ಇಟ್ಟಿರುವ ಗಣಕದ ವಿಳಾಸ ತಿಳಿಯಲು ಇಷ್ಟೇ ಸಾಕು, ಸ್ಕ್ರಿಪ್ಟ್ ಬರೆಯುವ ಅಗತ್ಯವೇ ಇಲ್ಲ.

ಲಾಗಿನ್ ನಂತರ ಕಾಣುವುದು ದಿನದ ಸಂದೇಶ. ಯೂನಿಕ್ಸ್ ಕಾಲದಿಂದ ಇದು ಎಂಒಟಿಡಿ ಎಂಬ ಸ್ಥಿರ ಪಠ್ಯ ಕಡತ. ಗಣಕ ಇಂಥ ದಿನ ನಿಲ್ಲುತ್ತದೆ ಎಂಬಂಥ ಸೂಚನೆಯನ್ನು ನಿರ್ವಾಹಕರು ಅದರಲ್ಲಿ ಬರೆಯುತ್ತಿದ್ದರು. ಉಬುಂಟು ಇದನ್ನು ಚಲನಶೀಲವಾಗಿಸಿತು. ಅಪ್‌ಡೇಟ್ ಎಂಒಟಿಡಿ ಡಿ ಡೈರೆಕ್ಟರಿಯಲ್ಲಿರುವ ಸ್ಕ್ರಿಪ್ಟ್‌ಗಳು ಅಂಕಿಯ ಸರದಿಯಲ್ಲಿ ನಡೆದು, ಅವು ಮುದ್ರಿಸಿದ್ದೆಲ್ಲ ಒಟ್ಟುಗೂಡಿ ಸಂದೇಶವಾಗುತ್ತದೆ. ಹೊರೆ, ಡಿಸ್ಕ್ ಬಳಕೆ, ಬಾಕಿಯಿರುವ ನವೀಕರಣ, ಮರುಚಾಲನೆಯ ಅಗತ್ಯ ಇವೆಲ್ಲ ಹಾಗೆ ಬಂದವು. ಈ ಸ್ಕ್ರಿಪ್ಟ್‌ಗಳು ರೂಟ್ ಅಧಿಕಾರದಲ್ಲಿ ನಡೆಯುತ್ತವೆ ಎಂಬುದು ಮುಖ್ಯ. ಸಂದೇಶ ಬೇಡವೆಂದವರು ಹೋಮ್ ಡೈರೆಕ್ಟರಿಯಲ್ಲಿ ಹಶ್‌ಲಾಗಿನ್ ಎಂಬ ಖಾಲಿ ಗುಪ್ತ ಕಡತ ಸೃಷ್ಟಿಸಿದರೆ ಸಾಕು.

ತೋರಿಸುವ ಮಾಹಿತಿಯೆಲ್ಲ ಬರುವುದು ಬಹುಮಟ್ಟಿಗೆ ಪ್ರಾಕ್ ಮತ್ತು ಸಿಸ್ ಎಂಬ ಎರಡು ಡೈರೆಕ್ಟರಿಗಳಿಂದ. ಇವು ಡಿಸ್ಕ್‌ನಲ್ಲಿಲ್ಲ, ಓದಿದ ಕ್ಷಣಕ್ಕೆ ಕರ್ನಲ್ ಅವನ್ನು ಹುಟ್ಟಿಸುತ್ತದೆ. ಅಪ್‌ಟೈಮ್, ಫ್ರೀ ಮುಂತಾದ ಆದೇಶಗಳು ಇಲ್ಲಿನ ಅಂಕಿಗಳನ್ನೇ ಓದುವಂತೆ ಅಣಿಮಾಡಿ ಕೊಡುತ್ತವೆ. ವಿತರಣೆಯ ಹೆಸರು ಇಟಿಸಿಯ ಓಎಸ್ ರಿಲೀಸ್ ಕಡತದಲ್ಲಿದೆ. ಅಂಕಿಗಳನ್ನು ಓದುವಾಗ ಎರಡು ಎಚ್ಚರ ಬೇಕು. ಸರಾಸರಿ ಹೊರೆಯ ಮೂರು ಸಂಖ್ಯೆಗಳು ಕಳೆದ 1, 5 ಮತ್ತು 15 ನಿಮಿಷಗಳವು. ಲಿನಕ್ಸ್‌ನಲ್ಲಿ ಡಿಸ್ಕ್‌ಗಾಗಿ ಕಾದಿರುವ ಪ್ರಕ್ರಿಯೆಗಳೂ ಈ ಲೆಕ್ಕಕ್ಕೆ ಸೇರುವುದರಿಂದ ಪ್ರೊಸೆಸರ್ ಬಿಡುವಾಗಿದ್ದರೂ ಸಂಖ್ಯೆ ದೊಡ್ಡದಾಗಿರಬಹುದು. ಮೆಮೊರಿಯಲ್ಲಿ ಫ್ರೀ ಎಂದು ಕಾಣುವುದನ್ನಲ್ಲ, ಅವೈಲಬಲ್ ಎಂಬುದನ್ನು ನೋಡಬೇಕು. ಕರ್ನಲ್ ಬಿಡುವಿನ ಮೆಮೊರಿಯನ್ನು ಡಿಸ್ಕ್‌ನ ನಕಲಿಗಾಗಿ ಬಳಸುವುದು ಸಹಜ. ನಿಜಕ್ಕೂ ಎಷ್ಟು ಸಿಗುತ್ತದೆಂದು ಅಂದಾಜಿಸುವ ಅಂಕಿ ಕರ್ನಲ್‌ನ 2014ರ 3.14 ಆವೃತ್ತಿಯಲ್ಲಿ ಸೇರಿತು.

ಇದನ್ನೆಲ್ಲ ಬಣ್ಣದ ಲಾಂಛನದೊಡನೆ ತೋರಿಸುವ ಸಿದ್ಧ ತಂತ್ರಾಂಶಗಳೂ ಇವೆ. ಬಹಳ ಜನಪ್ರಿಯವಾಗಿದ್ದ ನಿಯೋಫೆಚ್‌ನ ನಿರ್ವಹಣೆ 2024ರಲ್ಲಿ ಅಧಿಕೃತವಾಗಿ ನಿಂತಿತು. ಅದರ ಜಾಗವನ್ನು ಫಾಸ್ಟ್‌ಫೆಚ್ ತುಂಬುತ್ತಿದೆ.

ಕಾವಲಿಲ್ಲದ ಗಣಕಗಳು: ನದಿ ದಂಡೆಯ ಉದಾಹರಣೆ

ಆರಂಭ ಸ್ಕ್ರಿಪ್ಟ್‌ನ ನಿಜವಾದ ಪರೀಕ್ಷೆ ಹತ್ತಿರ ಯಾರೂ ಇಲ್ಲದ ಗಣಕದಲ್ಲಿ ಆಗುತ್ತದೆ. ಮೈಸೂರು ಜಿಲ್ಲೆಯ ಕಪಿಲಾ ನದಿಯನ್ನು ತೆಗೆದುಕೊಳ್ಳಬಹುದು. ಕಬಿನಿಯೆಂದೂ ಕರೆಯುವ ಈ ನದಿ ನಂಜನಗೂಡನ್ನು ಹಾಯ್ದು ತಿ. ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಕೇಂದ್ರ ಜಲ ಆಯೋಗದ ನದಿ ಮಾಪನ ಕೇಂದ್ರವೊಂದು ತಿ. ನರಸೀಪುರದಲ್ಲಿದೆ. ವಯನಾಡಿನಲ್ಲಿ ಮಳೆ ಜೋರಾಗಿ ಕಬಿನಿ ಜಲಾಶಯದಿಂದ ನೀರು ಬಿಟ್ಟಾಗ ಮೊದಲು ನಂಜನಗೂಡಿನ ದಂಡೆ ತುಂಬುತ್ತದೆ, ಬಳಿಕ ಸಂಗಮ. ಈ ಎರಡು ಊರುಗಳಲ್ಲಿ ನೀರಿನ ಮಟ್ಟ ದಾಖಲಿಸಲು ರಾಸ್ಪ್‌ಬೆರಿ ಪೈ ತರಹದ ಒಂದೊಂದು ಚಿಕ್ಕ ಲಿನಕ್ಸ್ ಗಣಕ ಇಡುವುದಾದರೆ ಈ ಲೇಖನದ ಬಹುತೇಕ ವಿಷಯವೂ ಅಲ್ಲಿ ಎದುರಾಗುತ್ತದೆ.

ಅಳತೆ ಹೆಚ್ಚು ಬೇಕಾದ ಮಳೆಯ ದಿನಗಳಲ್ಲೇ ವಿದ್ಯುತ್ ಹೋಗುವುದು. ವಿದ್ಯುತ್ ಮರಳಿದಾಗ ಯಾರೂ ಬಂದು ಲಾಗಿನ್ ಆಗುವುದಿಲ್ಲ. ಆದ್ದರಿಂದ ದಾಖಲೆಯ ಸ್ಕ್ರಿಪ್ಟ್ ಪ್ರೊಫೈಲ್ ಅಥವಾ ಬ್ಯಾಶ್‌ಆರ್‌ಸಿಯಲ್ಲಿ ಇರಕೂಡದು, ಸರ್ವೀಸ್ ಯೂನಿಟ್ ಆಗಿಯೇ ಇರಬೇಕು. ಎರಡನೆಯ ತೊಡಕು ಗಡಿಯಾರದ್ದು. 2012ರಲ್ಲಿ ಮಾರುಕಟ್ಟೆಗೆ ಬಂದ ರಾಸ್ಪ್‌ಬೆರಿ ಪೈಗೆ 2023ರ ಪೈ 5ರವರೆಗೆ ಒಳಗಡಿಯಾರವೇ ಇರಲಿಲ್ಲ. ಮರುಚಾಲನೆಯಾದ ಮೇಲೆ ಜಾಲದಿಂದ ಸಮಯ ಸಿಗುವವರೆಗೆ ಅದು ಹಳೆಯ ಗಂಟೆಯನ್ನೇ ತೋರಿಸುತ್ತದೆ. ನೀರಿನ ಏರಿಕೆ ನಂಜನಗೂಡಿನಿಂದ ತಿ. ನರಸೀಪುರಕ್ಕೆ ಎಷ್ಟು ಹೊತ್ತಿಗೆ ತಲುಪಿತೆಂಬ ಲೆಕ್ಕಕ್ಕೆ ಎರಡೂ ಗಡಿಯಾರ ಹೊಂದಬೇಕು. ಆದುದರಿಂದ ಯೂನಿಟ್ ಸಮಯ ಹೊಂದಾಣಿಕೆಯ ಟಾರ್ಗೆಟ್‌ಗಾಗಿ ಕಾಯಬೇಕು, ಅಥವಾ ಬ್ಯಾಟರಿಯುಳ್ಳ ಗಡಿಯಾರದ ಬಿಡಿಭಾಗ ಜೋಡಿಸಬೇಕು. ಕಾಯುವುದರಲ್ಲೂ ಒಂದು ನಷ್ಟವಿದೆ. ಜಾಲವೇ ಇಲ್ಲದಿದ್ದರೆ ಅಳತೆಯೂ ನಿಲ್ಲುತ್ತದೆ. ಪ್ರವಾಹದ ಕೆಲಸಕ್ಕೆ ಬಿಡಿ ಗಡಿಯಾರವೇ ಹೆಚ್ಚು ಭದ್ರ.

ಮೂರನೆಯದು ದಾಖಲೆಗಳ ಉಳಿವು. ವಾರ್ ಡೈರೆಕ್ಟರಿಯ ಲಾಗ್‌ನಲ್ಲಿ ಜರ್ನಲ್ ಎಂಬ ಡೈರೆಕ್ಟರಿ ಇಲ್ಲದಿದ್ದರೆ, ಸಿಸ್ಟಮ್‌ಡಿಯ ಮೂಲ ಹೊಂದಿಕೆಯಲ್ಲಿ ಅದರ ದಾಖಲೆ ಮೆಮೊರಿಯಲ್ಲಷ್ಟೇ ಇದ್ದು ವಿದ್ಯುತ್ ಹೋದೊಡನೆ ಅಳಿಯುತ್ತದೆ. ಆ ಡೈರೆಕ್ಟರಿ ಇದ್ದರೆ ಹಿಂದಿನ ಚಾಲನೆ ಎಲ್ಲಿ ಕಡಿದುಹೋಯಿತೆಂದು ಜರ್ನಲ್‌ಸಿಟಿಎಲ್‌ನಿಂದ ನೋಡಬಹುದು. ಕ್ರಮವಾಗಿ ನಿಲ್ಲಿಸದೆ ಕಡಿದ ಚಾಲನೆಯನ್ನು ಲಾಸ್ಟ್ ಆದೇಶ ಕ್ರ್ಯಾಶ್ ಎಂದು ಗುರುತಿಸುತ್ತದೆ.

ಮೈಸೂರಿನಲ್ಲಿ ಕುಳಿತು ಎರಡಕ್ಕೂ ಎಸ್‌ಎಸ್‌ಎಚ್ ಮಾಡುವವರಿಗೆ ಇನ್ನೊಂದು ಅಪಾಯವಿದೆ. ಒಂದೇ ಪ್ರತಿಯಿಂದ ಸ್ಥಾಪಿಸಿದ ಎರಡು ಗಣಕಗಳ ಪರದೆ ಒಂದೇ ತರಹ ಕಾಣುತ್ತದೆ; ನಂಜನಗೂಡಿನದೆಂದುಕೊಂಡು ತಿ. ನರಸೀಪುರದ ಗಣಕವನ್ನು ನಿಲ್ಲಿಸಿಬಿಡುವುದು ಸುಲಭ. ಪ್ರತಿಯೊಂದಕ್ಕೂ ಊರಿನ ಹೆಸರಿಟ್ಟು, ದಿನದ ಸಂದೇಶದಲ್ಲಿ ಊರು, ಕೊನೆಯ ಆರಂಭದ ಗಂಟೆ, ಗಡಿಯಾರ ಹೊಂದಿದೆಯೇ, ಕೊನೆಯ ಅಳತೆ ಯಾವಾಗಿನದು, ಮೆಮೊರಿ ಕಾರ್ಡ್‌ನಲ್ಲಿ ಎಷ್ಟು ಜಾಗ ಉಳಿದಿದೆ ಎಂಬ ಐದು ಸಾಲು ತೋರಿಸಿದರೆ ಸಾಕು. ಕರ್ನಲ್ ಆವೃತ್ತಿ, ಪ್ರೊಸೆಸರ್ ಮಾದರಿ ಮುಂತಾದ ಬದಲಾಗದ ಸಂಗತಿಗಳು ಸಂದೇಶವನ್ನು ಉದ್ದ ಮಾಡುತ್ತವೆ. ಉದ್ದದ ಸಂದೇಶವನ್ನು ಯಾರೂ ಓದುವುದಿಲ್ಲ.

ಕನ್ನಡದಲ್ಲಿ ಪ್ರದರ್ಶನ

ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಸ್ಥಾನ ಸಿಕ್ಕಿತು. ಸಂದೇಶದ ಕಡತದಲ್ಲಿ ಕನ್ನಡ ಬರೆದಿಡಲು ಅಡ್ಡಿಯಿಲ್ಲ. ಅಡ್ಡಿಯಿರುವುದು ಕಾಣಿಸುವಲ್ಲಿ. ಕರ್ನಲ್‌ನ ಪಠ್ಯ ಪರದೆ ಹೆಚ್ಚೆಂದರೆ 512 ಅಕ್ಷರಾಕೃತಿಗಳನ್ನು ಇಟ್ಟುಕೊಳ್ಳಬಲ್ಲದು. ಒತ್ತಕ್ಷರವನ್ನು ಕೆಳಗೆ ಇಳಿಸುವ, ಗುಣಿತದ ಚಿಹ್ನೆಯನ್ನು ಬೆಸೆಯುವ ಶಕ್ತಿ ಅದಕ್ಕಿಲ್ಲ. ಹಾಗಾಗಿ ಗೆಟ್ಟಿಯ ಮುಂದೆ ಕನ್ನಡ ಬರೀ ಚೌಕಗಳಾಗಿ ಕಾಣುತ್ತದೆ. ಎಸ್‌ಎಸ್‌ಎಚ್‌ನಲ್ಲಿ ಅಕ್ಷರ ಮೂಡಿಸುವುದು ನೋಡುವವರ ಗಣಕ. ಅಲ್ಲಿ ಲೋಹಿತ್, ಗುಬ್ಬಿ, ನವಿಲು ಮುಂತಾದ ಮುಕ್ತ ಅಕ್ಷರಶೈಲಿ ಇದ್ದರೆ ಓದಬಹುದು. ಚೌಕಳಿಗೆ ಒಂದೊಂದು ಅಕ್ಷರ ಕೂರಿಸುವ ಟರ್ಮಿನಲ್‌ಗಳಲ್ಲಿ ಒತ್ತಕ್ಷರ ಬಿಡಿಯಾಗಿ ಬೀಳುವುದು ಇನ್ನೂ ಇದೆ. ಇಶ್ಯೂ ಕಡತವನ್ನು ರೋಮನ್ ಲಿಪಿಯಲ್ಲಿಟ್ಟು, ದಿನದ ಸಂದೇಶವನ್ನು ಕನ್ನಡದಲ್ಲಿ ಕೊಡುವುದು ಸದ್ಯಕ್ಕೆ ಸಾಧುವಾದ ಕ್ರಮ.

ವ್ಯವಸ್ಥೆಯ ಭಾಷೆಯನ್ನು ಭಾರತದ ಕನ್ನಡಕ್ಕೆ ಹೊಂದಿಸಿದರೆ ಡೇಟ್ ಆದೇಶ ವಾರ, ತಿಂಗಳುಗಳನ್ನು ಕನ್ನಡದಲ್ಲಿ ಕೊಡುತ್ತದೆ. ಓದುವವರಿಗೆ ಇದು ಹಿತ, ಸ್ಕ್ರಿಪ್ಟ್‌ಗೆ ಕಂಟಕ. ವಾರದ ಇಂಗ್ಲಿಷ್ ಹೆಸರನ್ನು ಹೋಲಿಸಿ ಕೆಲಸ ನಿರ್ಧರಿಸುವ ಸ್ಕ್ರಿಪ್ಟ್ ಕನ್ನಡ ಪರಿಸರದಲ್ಲಿ ಸದ್ದಿಲ್ಲದೆ ತಪ್ಪುತ್ತದೆ. ಹೋಲಿಕೆಯ ಸಾಲುಗಳಿಗೆ ಎಲ್‌ಸಿ ಆಲ್ ಅನ್ನು ಸಿ ಎಂದು ಹೊಂದಿಸಿ, ಮುದ್ರಿಸುವ ಸಾಲುಗಳಿಗೆ ಮಾತ್ರ ಕನ್ನಡ ಬಿಡಬೇಕು. ಕನ್ನಡ ಡೆಸ್ಕ್‌ಟಾಪ್‌ನಿಂದ ಎಸ್‌ಎಸ್‌ಎಚ್ ಮಾಡಿದಾಗ ಡೆಬಿಯನ್, ಉಬುಂಟುಗಳಲ್ಲಿ ಭಾಷೆಯ ಹೊಂದಿಕೆಯೂ ಜತೆಗೆ ಹೋಗುತ್ತದೆ; ಆ ಕಡೆಯ ಗಣಕದಲ್ಲಿ ಕನ್ನಡ ಸ್ಥಾಪಿಸಿರದಿದ್ದರೆ ಲಾಗಿನ್‌ನಲ್ಲಿ ಎಚ್ಚರಿಕೆಯ ಸಾಲು ಬರುತ್ತದೆ.

ಕನ್ನಡ ಟೈಪಿಂಗ್ ಕೂಡ ಲಾಗಿನ್ ಸ್ಕ್ರಿಪ್ಟ್‌ಗಳನ್ನೇ ಅವಲಂಬಿಸಿದೆ. ಐಬಸ್ ತಂತ್ರಾಂಶ ಡೆಸ್ಕ್‌ಟಾಪ್ ಲಾಗಿನ್‌ನೊಡನೆ ಶುರುವಾಗಬೇಕು, ಅದನ್ನು ಬಳಸಿರೆಂದು ಇತರ ತಂತ್ರಾಂಶಗಳಿಗೆ ಹೇಳುವ ಪರಿಸರ ಚರಗಳೂ ಆಗಲೇ ಹೊಂದಿರಬೇಕು. ಕೆ. ಪಿ. ರಾವ್ ರೂಪಿಸಿದ ವಿನ್ಯಾಸವನ್ನು ಆಧರಿಸಿದ ಕನ್ನಡ ಗಣಕ ಪರಿಷತ್ತಿನ ಕೀಲಿಮಣೆ ಎಂ17ಎನ್ ಸಂಗ್ರಹದ ಮೂಲಕ ಇದರಲ್ಲಿ ಸಿಗುತ್ತದೆ.

ಭದ್ರತೆ

ಗುಪ್ತಪದಕ್ಕೆ ಮೊದಲು ಕಾಣುವ ಬ್ಯಾನರ್‌ನಲ್ಲಿ ವಿತರಣೆ ಮತ್ತು ಕರ್ನಲ್‌ನ ಆವೃತ್ತಿ ತೋರಿಸುವುದು ದಾಳಿಕಾರರಿಗೆ ಕೊಟ್ಟ ಸುಳಿವು. ಅನಧಿಕೃತ ಪ್ರವೇಶ ಅಪರಾಧ ಎಂಬ ಎಚ್ಚರಿಕೆಯಷ್ಟೇ ಅಲ್ಲಿರಬೇಕು. ರೂಟ್ ಅಧಿಕಾರದಲ್ಲಿ ನಡೆಯುವ ಸ್ಕ್ರಿಪ್ಟ್ ಕಡತವನ್ನು ಬೇರೆ ಬಳಕೆದಾರರು ತಿದ್ದುವಂತಿದ್ದರೆ ಆ ಬಳಕೆದಾರರ ಕೈಗೆ ಇಡೀ ಗಣಕವನ್ನೇ ಕೊಟ್ಟಂತೆ. ಒಳನುಗ್ಗಿದವರು ಮರುಚಾಲನೆಯ ನಂತರವೂ ಉಳಿಯಲು ಸರ್ವೀಸ್ ಯೂನಿಟ್, ಕ್ರಾನ್, ಪ್ರೊಫೈಲ್ ಡಿ, ಬ್ಯಾಶ್‌ಆರ್‌ಸಿ ಇವುಗಳನ್ನೇ ಬಳಸುವುದರಿಂದ ಸಂಶಯ ಬಂದಾಗ ಮೊದಲು ತಪಾಸಣೆಯಾಗಬೇಕಾದವೂ ಇವೇ.

ಇಂದಿನ ಸ್ಥಿತಿ

ಮುಖ್ಯ ವಿತರಣೆಗಳೆಲ್ಲ ಸಿಸ್ಟಮ್‌ಡಿಗೆ ಬಂದಿವೆ. ಅದನ್ನು ಒಪ್ಪದವರು ಡೆಬಿಯನ್‌ನಿಂದ ಕವಲೊಡೆದು ಡೆವುವಾನ್ ಕಟ್ಟಿದರು. ಅಲ್ಪೈನ್ ಓಪನ್‌ಆರ್‌ಸಿಯನ್ನೂ ವಾಯ್ಡ್ ರನಿಟ್ ಅನ್ನೂ ಬಳಸುತ್ತವೆ, ಸ್ಲಾಕ್‌ವೇರ್ ಬಿಎಸ್‌ಡಿ ಶೈಲಿಯ ಸ್ಕ್ರಿಪ್ಟ್‌ಗಳನ್ನು ಉಳಿಸಿಕೊಂಡಿದೆ. ಹಳೆಯ ಸಿಸ್ಟಮ್ ವಿ ಸ್ಕ್ರಿಪ್ಟ್‌ಗಳಿಗೆ ಕೊಡುತ್ತಿದ್ದ ಬೆಂಬಲವನ್ನು ಮುಂದೆ ತೆಗೆದುಹಾಕುವುದಾಗಿ ಸಿಸ್ಟಮ್‌ಡಿ ಯೋಜನೆ 2023ರಲ್ಲಿ ಪ್ರಕಟಿಸಿತು.

ಕರ್ನಾಟಕದಲ್ಲಿ ಲಿನಕ್ಸ್ ಬಳಗಗಳನ್ನು ಒಟ್ಟುಗೂಡಿಸಿದ ದೊಡ್ಡ ವೇದಿಕೆ 2001ರಲ್ಲಿ ಶುರುವಾದ ಲಿನಕ್ಸ್ ಬೆಂಗಳೂರು ಸಮ್ಮೇಳನ. 2005ರಲ್ಲಿ ಫಾಸ್ ಡಾಟ್ ಇನ್ ಎಂದು ಹೆಸರು ಬದಲಿಸಿಕೊಂಡು 2012ರವರೆಗೆ ಅದು ನಡೆಯಿತು. ಸಿ-ಡ್ಯಾಕ್ 2007ರಲ್ಲಿ ಹೊರತಂದ ಬಾಸ್ ಲಿನಕ್ಸ್ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಿಗೆ ಬೆಂಬಲ ಕೊಟ್ಟಿತು. ಶಾಲೆಗಳಲ್ಲಿ ಲಿನಕ್ಸ್ ಗಟ್ಟಿಯಾಗಿ ನೆಲೆಯೂರಿದ್ದು ಕೇರಳದಲ್ಲಿ. ಅಲ್ಲಿನ ಐಟಿ ಅಟ್ ಸ್ಕೂಲ್ ಯೋಜನೆ 2017ರಲ್ಲಿ ಕೈಟ್ ಎಂಬ ಸರ್ಕಾರಿ ಕಂಪನಿಯಾಯಿತು. ಅದು ಸಿದ್ಧಪಡಿಸುವ ಉಬುಂಟು ಆಧಾರಿತ ವ್ಯವಸ್ಥೆಯನ್ನು ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳೂ ಬಳಸುತ್ತಾರೆ. ಅವರ ಐಸಿಟಿ ಪಠ್ಯಪುಸ್ತಕ ಕನ್ನಡದಲ್ಲಿದೆ.